ಮೊಳೆ ಕೇಳುವ ಕೋಲು

ಎರಡು ತೋರಿಸಿದ ನೆಹರೂ ರಸ್ತೆಯ ಅಂಗಡಿಯವ.
ಒಂದು, ಅಗಲ ತಟ್ಟೆಯದು, ಉದ್ದ ಕಾಲಿನದು,
ಕೊಕ್ಕರೆಯ ಹಾಗೆ ನೆಲ ನೋಡುತ್ತ ನಡೆಯುವಂಥದು.
ಇನ್ನೊಂದು ಮೊಳದುದ್ದದ ಕೋಲು,
ಸಿನಿಮಾ ಟಾಕೀಸಿನ ಬಾಗಿಲಲ್ಲಿ ಜೇಬು ಸವರುವಂಥದು.
"ನಿಧಿಗೋ?" ಅಂದ, ದನಿ ತಗ್ಗಿಸಿ.
"ಮೊಳೆಗೆ" ಅಂದೆ.
ನಂಬಲಿಲ್ಲ. ಚಾ ತರಿಸಿದ.
ತಟ್ಟೆಯದರ ಬೆಲೆ ಎರಡು ಸಲ ಇಳಿಸಿದ.

ನಾನು ರಿಪ್ಪನ್‌ಪೇಟೆಯ ಪಿಂಟೋರ ಸಾಮಿಲ್ಲಿನಲ್ಲಿ
ಗರಗಸದ ಹಲ್ಲು ಅರೆಯುವವನು.
ಇಪ್ಪತ್ತಾರು ಅಡಿಯ ಬ್ಲೇಡು, ಇನ್ನೂರೆಂಟು ಹಲ್ಲು,
ಕತ್ತಲೆಯಲ್ಲೂ ಬೆರಳಾಡಿಸಿ ಗುರುತು ಹಿಡಿಯಬಲ್ಲೆ.
ಆದರೆ ಮರ ತಾನಾಗಿ ಏನನ್ನೂ ಹೇಳುವುದಿಲ್ಲ:
ಯಾರೋ ಲಾಟೀನು ತೂಗಹಾಕಿದ ಕೊಕ್ಕೆ,
ಬೇಲಿಗೆಂದು ಸುತ್ತಿ ಮರೆತ ಮುಳ್ಳುತಂತಿ,
ಎಲೆಕ್ಷನ್ ಬೋರ್ಡಿನ ಮೊಳೆ, ಗೆದ್ದವನದೋ ಸೋತವನದೋ,
ದೆವ್ವ ಬಿಡಿಸಿ ಹಲಸಿನ ಕಾಂಡಕ್ಕೆ ಹೊಡೆದ ಐದಿಂಚಿನದು.
ತೊಗಟೆ ಮುಚ್ಚಿಕೊಂಡು ದಪ್ಪಗಾಗುತ್ತದೆ.
ನಲವತ್ತು ವರ್ಷದ ಮೇಲೆ ಬ್ಲೇಡಿಗೆ ಸಿಗುತ್ತದೆ.

ಹನ್ನೊಂದು ವರ್ಷದ ಹಿಂದೆ ಹಾಗೆ ಸಿಕ್ಕಿತು, ಮಾವಿನ ದಿಮ್ಮಿಯೊಂದರಲ್ಲಿ.
ಬ್ಲೇಡು ಕಡಿಯುವ ಸದ್ದು ಹೇಗಿರುತ್ತದೆಂದು ಕೇಳಬೇಡಿ.
ಹುಚ್ರಾಯಪ್ಪನ ಬಲಗಣ್ಣು ಹೋಯಿತು.
ನನಗೇನೂ ಆಗಲಿಲ್ಲ. ಎಡ ಮುಂಗೈ ಮೇಲೆ ಗೀರು,
ನಾಲ್ಕು ಹೊಲಿಗೆ.
ಪಿಂಟೋರು ಆಗಲೇ ಅಂದಿದ್ದರು, ಮೆಷಿನ್ನು ತರೋಣ ಎಂದು.
ಆ ತರೋಣ ಹನ್ನೊಂದು ವರ್ಷ ಬಾಳಿತು.

ಕೋಲನ್ನೇ ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲೆ ಪೊಟ್ಟಣ.
ಏನದು ಅಂದರು ಪಕ್ಕದವರು. ಕೊಳಲು ಅಂದೆ.
ಮೂರನೇ ದಿನ ಠಾಣೆಯಿಂದೊಬ್ಬರು ಬಂದು
ದಿಮ್ಮಿಯ ಮೇಲೆ ಕೂತು ನೋಡಿದರು,
ಹಳೇ ಗುಡಿ ಅಗೆಯುವ ಪೈಕಿಯೋ ಎಂದು.
ಮುನಾವರ್ ತುಕ್ಕು ಹಿಡಿದ ಕೊಂಡಿಯೊಂದನ್ನು ಅವರ ಕೈಗಿಟ್ಟ.
"ಇದೇ ಸಾರ್ ನಿಧಿ. ಅರ್ಧ ಪಾಲು ತಗೊಳ್ಳಿ."

ಕೊಳ್ಳುವುದು ಒಂದು, ಕಲಿಯುವುದು ಇನ್ನೊಂದು.
ಗುಂಡಿ ಒತ್ತಿದರೆ ಎಲ್ಲಕ್ಕೂ ಕೂಗುತ್ತದೆ
ಮೊದಲ ದಿನದ ಕರುವಿನ ಹಾಗೆ:
ಬೆಲ್ಟಿನ ಬಕ್ಕಲ್ಲಿಗೆ, ಜೇಬಿನ ಅರಕ್ಕೆ, ಟ್ರಾಲಿಯ ಹಳಿಗೆ.
ಮುನಾವರ್ ಮರದ ಪುಡಿಯ ರಾಶಿಯಲ್ಲಿ ಮೊಳೆ ಬಚ್ಚಿಟ್ಟ,
ನಾನು ಹುಡುಕಿದೆ, ಊಟದ ಹೊತ್ತು ಮೀರಿ.
ನಿಧಾನ ಆಡಿಸಬೇಕು.
ತೊಗಟೆಗೆ ತಾಗಿಸಬಾರದು, ದೂರ ಬಿಡಲೂಬಾರದು,
ಮಲಗಿದ ಕೂಸಿನ ಉಸಿರು ನೋಡಲು ಅಂಗೈ ಹಿಡಿಯುವಷ್ಟು ಅಂತರ.
ಚೂಪು ಕೂಗು ಹೊರಗಿನದು, ಮಂಕು ಕೂಗು ಒಳಗಿನದು.
ಎರಡು ಕಡೆಯಿಂದ ಕೇಳಿ, ಸೀಮೆಸುಣ್ಣದ ಗೆರೆ ಎಳೆದು,
ಗೆರೆಗಳು ಕೂಡಿದಲ್ಲಿ ಉಳಿ ಇಡಬೇಕು.

ಆದರೂ ಒಂದು ತಪ್ಪು ಹೋಗಲಿಲ್ಲ.
ದಿಮ್ಮಿಗೆ ಎಡಗೈ ಊರಿ ಬಲಗೈಯಲ್ಲಿ ಆಡಿಸಿದರೆ
ಅಲ್ಲೊಂದು ಕೂಗು.
ಕೆತ್ತಿದರೆ ಬರೀ ಮರ, ಬಿಳಿ, ಹಸಿ, ನಿರಪರಾಧಿ.
ಮುನಾವರ್ ಆಡಿಸಿದರೆ ಸದ್ದೇ ಇಲ್ಲ.
ವಾಚು ಬಿಚ್ಚಿದೆ. ಉಂಗುರ ಬಿಚ್ಚಿದೆ.
ಉಡಿದಾರದ ತಾಯಿತವನ್ನೂ ಬಿಚ್ಚಿ ಗೂಟಕ್ಕೆ ಹಾಕಿದೆ.
ಬ್ಯಾಟರಿ ಬದಲಿಸಿ ಅಂಗಡಿಯವನನ್ನು ಬೈದೆ.

ಹುಚ್ರಾಯಪ್ಪ, ಈಗ ಗೇಟಿನಲ್ಲಿ ಚೀಟಿ ಬರೆಯುವವನು,
ಎದ್ದು ಬಂದು ಕೋಲು ಇಸಕೊಂಡ.
ಮರ ಬಿಟ್ಟು ನನ್ನ ಮುಂಗೈ ಮೇಲೆ ಆಡಿಸಿದ.
ಹೊಲಿಗೆಯ ಗುರುತಿನ ಹತ್ತಿರ ಕೂಗಿತು.
ಮಂಕಾಗಿ.

ನಾನೇ ಅರೆದ ಹಲ್ಲಿನ ಮುಕ್ಕು ಇರಬೇಕು.
ಇಷ್ಟು ವರ್ಷ ಮರಕ್ಕೆ ಬೈದಿದ್ದೆ, ಹೇಳಲಿಲ್ಲವೆಂದು.

"ನಂದೂ ನೋಡು ಮಾರಾಯ" ಅಂದ ಅವನು, ನಗುತ್ತ,
ಮುಖ ಮುಂದೆ ಮಾಡಿ.
ನೋಡಿದೆ.
ಅಲ್ಲಿ ಏನೂ ಇರಲಿಲ್ಲ.

ಶಿವಮೊಗ್ಗಕ್ಕೆ ಹೋಗಿ ತೆಗೆಸು ಅಂದರು ಪಿಂಟೋರು.
ಮಳೆಗಾಲ ಕಳೆಯಲಿ ಅಂದೆ.
ಸದ್ಯಕ್ಕೆ ಕೋಲನ್ನು ಎಡಗೈಯಲ್ಲೇ ಹಿಡಿಯುತ್ತೇನೆ.
ಹಿಡಿದ ಕೈಯನ್ನು ಅದು ಕೇಳುವುದಿಲ್ಲ.
ನಾಳೆ ಎಂಟು ದಿಮ್ಮಿ ಬರುತ್ತವೆ,
ರಸ್ತೆ ಅಗಲ ಮಾಡಲು ಕಡಿದ ಸಾಲುಮರ,
ಮೈತುಂಬ ಟ್ಯೂಷನ್ ಬೋರ್ಡುಗಳ ಮೊಳೆ.
ಎರಡು ಬ್ಯಾಟರಿ ಹೆಚ್ಚಿಗೆ ತರಿಸಿದ್ದೇನೆ.